ಪೋಚಮ್ಮನ ಸಿಟ್ಟು

ಪೋಚಮ್ಮ ಸೊಸೆಯಾಗಿ ನಮ್ಮ ಮನೆಗೆ ಬಂದ ದಿನ ಅವಳ ಕೊರಳಲ್ಲಿ ನನ್ನ ಅವ್ವ ಇದ್ದಳು.

ನಾರಾಯಣಪೇಟೆಯ ನಮ್ಮ ನೇಕಾರರ ಓಣಿಯಲ್ಲಿ ಇದು ಹೊಸ ಸಂಗತಿಯಲ್ಲ. ಹೆಂಡತಿ ಸತ್ತವನು ಮತ್ತೆ ಮದುವೆಯಾದರೆ, ಬರುವವಳ ಕೊರಳಿಗೆ ತಾಳಿಯ ಜೊತೆ ಸತ್ತವಳ ಹೆಸರಿನ ಬೆಳ್ಳಿ ಬಿಲ್ಲೆಯನ್ನೂ ಕಟ್ಟುತ್ತಿದ್ದರು. ಹುಣಸೆ ಬೀಜದಷ್ಟು ಬಿಲ್ಲೆ. ಅದರ ಮೇಲೆ ಕೈಮುಗಿದು ನಿಂತ ಒಂದು ಹೆಣ್ಣುಗೊಂಬೆ. ಹೊಸ ಸೀರೆ ತಂದರೆ ಮೊದಲು ಅದಕ್ಕೆ ಮುಟ್ಟಿಸಿ ಉಡಬೇಕು, ಹೋಳಿಗೆ ಮಾಡಿದರೆ ಮೊದಲ ತುತ್ತನ್ನು ಅದಕ್ಕೆ ತೋರಿಸಿ ತಿನ್ನಬೇಕು. ತಪ್ಪಿದರೆ ಸತ್ತ ಸವತಿ ಬಾಳಗೊಡುವುದಿಲ್ಲ. ನನ್ನ ಅಜ್ಜಿ ತಿರುಪತಮ್ಮ ಬಿಲ್ಲೆಯನ್ನು ಕೆಂಪು ಬಟ್ಟೆಯ ಸಣ್ಣ ಚೀಲದಲ್ಲಿಟ್ಟು ಬಾಯಿ ಹೊಲಿದಿದ್ದಳು. ವರ್ಷಕ್ಕೊಮ್ಮೆ, ಹಿರಿಯರ ಅಮಾವಾಸ್ಯೆಯ ದಿನ ಮಾತ್ರ, ಹೊಲಿಗೆ ಬಿಚ್ಚಿ ಹಾಲಿನಲ್ಲಿ ತೊಳೆದು ಮತ್ತೆ ಹೊಲಿಯಬೇಕು.

ಆಗ ದೊಡ್ಡ ಯುದ್ಧ ನಡೆದಿತ್ತಂತೆ. ನಮಗೆ ಅದು ಗೊತ್ತಾಗಿದ್ದು ನೂಲು ಸಿಗದೆ ಹೋದದ್ದರಿಂದ. ಆ ಬೇಸಿಗೆಯಲ್ಲಿ ಅವ್ವ ಒಂಬತ್ತು ದಿನ ಜ್ವರ ಬಂದು ಸತ್ತಳು. ಅವಳ ಹೆಸರು ಮಲ್ಲೇಶ್ವರಿ. ನನಗೆ ಏಳು ವರ್ಷ.

ಅವ್ವ ಜೋರಿನ ಹೆಂಗಸು. ಅವಳು ನಕ್ಕರೆ ಬಾವಿಕಟ್ಟೆಯವರೆಗೆ ಕೇಳುತ್ತಿತ್ತು. ನೇಯುವಾಗ ಮಗ್ಗದ ಹಲಗೆಯಿಂದ ಪ್ರತಿ ಎಳೆಗೂ ಎರಡು ಪೆಟ್ಟು ಹಾಕುತ್ತಿದ್ದಳು, ದಡ್-ದಡ್ ಎಂದು. ಅವಳ ಬಟ್ಟೆಯಲ್ಲಿ ನೀರು ಕಟ್ಟಿ ಒಯ್ಯಬಹುದು ಎನ್ನುತ್ತಿದ್ದರು. ನಮ್ಮ ಓಣಿಯಲ್ಲಿ ಯಾರು ನೇಯುತ್ತಿದ್ದಾರೆಂದು ಸಪ್ಪಳದ ಮೇಲೆಯೇ ಹೇಳಬಹುದಿತ್ತು. ಮುಖ ಒಂದೇ ತರಹ ಇರುವ ಅಕ್ಕತಂಗಿಯರಿದ್ದರು, ಒಂದೇ ತರಹದ ಪೆಟ್ಟು ಇರುವ ಇಬ್ಬರು ಇರಲಿಲ್ಲ.

ನಾರಾಯಣಪೇಟೆಯಲ್ಲಿ ಒಂದೇ ಹಾಸಿನಲ್ಲಿ ಎಂಟು ಸೀರೆ ನೇಯುವ ರೂಢಿ. ಹಾಸು ಎಂದರೆ ಮಗ್ಗಕ್ಕೆ ಏರಿಸಿದ ಉದ್ದದ ನೂಲು. ಅವ್ವ ಐದು ಸೀರೆ ಮುಗಿಸಿ ಆರನೆಯದರ ನಡುವೆ ಬಿದ್ದಿದ್ದಳು. ನೇಯುವವಳು ಸತ್ತರೆ ಹಾಸನ್ನು ಕತ್ತರಿಸಬಾರದು, ಮನೆಯ ಇನ್ನೊಂದು ಕೈ ಅದನ್ನು ಮುಗಿಸಬೇಕು. ಅಜ್ಜಿ ಅವ್ವನ ಕೊನೆಯ ಎಳೆಯ ಮೇಲೆ ಅಂಚಿಗೆ ಕುಂಕುಮದ ಗುರುತು ಹಚ್ಚಿ, ಮಗ್ಗದ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾಲ್ಕು ತಿಂಗಳು ಆ ಬಾಗಿಲು ತೆರೆಯಲಿಲ್ಲ. ಅಪ್ಪ ಶಂಕರಯ್ಯ ಪಡಸಾಲೆಯ ಮಗ್ಗದಲ್ಲಿ ನೇಯುತ್ತಿದ್ದ.

ಪೋಚಮ್ಮ ಬಂದಳು. ಮಕ್ತಲ್ ಆಚೆಯ ಹಳ್ಳಿಯವಳು. ಹತ್ತೊಂಬತ್ತು ಇಪ್ಪತ್ತು ವಯಸ್ಸು, ಸಣ್ಣ ದನಿ. ಬೀಗ ತೆಗೆದು ಅವಳನ್ನು ಅವ್ವನ ಮಗ್ಗಕ್ಕೆ ಕೂರಿಸಿದರು. ಕಾಲುಗಳನ್ನು ಮಗ್ಗದ ಕೆಳಗಿನ ಗುಂಡಿಯೊಳಗೆ ಇಳಿಬಿಟ್ಟು, ಬಟ್ಟೆಯ ಧೂಳು ಒರೆಸಿ, ಅವಳು ಸುಮ್ಮನೆ ನೋಡುತ್ತ ಕುಳಿತಳು.

"ಏನ್ ನೋಡ್ತಿ? ಲಾಳಿ ಹಾಕು" ಎಂದಳು ಅಜ್ಜಿ.

"ಅತ್ತೀ, ಕುಂಕುಮ ಇಲ್ಲೈತ್ರಿ. ಬಟ್ಟಿ ಇಲ್ಲಿತನಾ ಬಂದೈತಿ."

ಕುಂಕುಮದಿಂದ ಮುಂದೆ ಒಂದು ಹೆಬ್ಬೆರಳಿನಷ್ಟು ನೇಯ್ದ ಬಟ್ಟೆ ಇತ್ತು.

ಅಜ್ಜಿ ಬಗ್ಗಿ ನೋಡಿದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಕುಂಕುಮ ಜರುಗಿರ್ತೈತಿ. ಸುಮ್ಮನ ನೇಯಿ" ಎಂದಳು. ಆದರೆ ಅವಳ ಕೈ ಸೊಂಟದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡದ್ದನ್ನು ನಾನು ಕಂಡೆ.

ಪೋಚಮ್ಮ ಒಂದೇ ಪೆಟ್ಟಿನವಳು. ಬೆಳಿಗ್ಗೆ ಹೇಗೋ ಸಂಜೆಯೂ ಹಾಗೆ, ಅವಸರವಿಲ್ಲದ ಒಂದು ಪೆಟ್ಟು. ಸೀರೆ ಮುಗಿದಾಗ ಸಾಹುಕಾರನ ಗುಮಾಸ್ತ ಎಂಕಪ್ಪ ಬಂದ. ಸೀರೆಯನ್ನು ಮೊಣಕಾಲ ಮೇಲೆ ಹಾಕಿಕೊಂಡು, ಕಣ್ಣು ಮುಚ್ಚಿ ಬೆರಳಾಡಿಸಿದ. ನಡುವೆ ಬೆರಳು ನಿಂತಿತು.

"ಶಂಕರಯ್ಯಾ, ಈ ಸೀರ್ಯಾಗ ಇಬ್ಬರು ಹೆಂಗಸರು ಅದಾರ. ಒಬ್ಬಾಕಿ ಸತ್ತಾಳ. ಯಾರು ಉಡ್ತಾರಪಾ ಇದನ್ನ?"

ಸೀರೆ ಮನೆಯಲ್ಲೇ ಉಳಿಯಿತು. ಅಜ್ಜಿ ಅದನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಎಂಕಪ್ಪನ ಬೆರಳಿಗೆ ತಿಳಿದದ್ದು ನಮ್ಮ ಮನೆಯವರ ಕಣ್ಣಿಗೆ ತಿಳಿಯಲಿಲ್ಲ. ಪೋಚಮ್ಮ ಏನು ಮಾಡಿದರೂ ಅದು ಅವ್ವನದೇ ಆಗುತ್ತಿತ್ತು. ಒಂದು ದಿನ ಅವಳು ಹಸಿ ಹುಣಸೆಕಾಯಿ ಕಚ್ಚಿದಳು. "ನೋಡು, ಮಲ್ಲವ್ವಗ ಹುಳಿ ಅಂದ್ರ ಜೀವ" ಎಂದಳು ಅಜ್ಜಿ. ಒಂದು ದಿನ ಬಿಸಿಲಿಗೆ ತಲೆನೋವು ಬಂತು. "ಮಲ್ಲವ್ವಗ ಬಿಸಿಲು ಆಗಿಬರ್ತಿದ್ದಿಲ್ಲ." ಒಮ್ಮೆ ಪಕ್ಕದ ಮನೆಯ ಸಂಗಮ್ಮ ಏನೋ ಹೇಳಿದ್ದಕ್ಕೆ ಪೋಚಮ್ಮ ಕಿಸಕ್ಕನೆ ನಕ್ಕುಬಿಟ್ಟಳು. ಸಂಗಮ್ಮ ಕೊಡ ಇಳಿಸಿ ಎದೆ ಮುಟ್ಟಿಕೊಂಡಳು: "ಅವ್ವಯ್ಯ, ಮಲ್ಲೇಶಿ ನಕ್ಕಂಗ ಆತು." ಆಮೇಲೆ ಪೋಚಮ್ಮ ನಗುವುದನ್ನು ಬಿಟ್ಟಳು. ಹುಣಸೆಕಾಯಿ ಮುಟ್ಟಲಿಲ್ಲ. ಎರಡು ಊಟದ ನಡುವೆ ಏನು ಬೇಕೆನಿಸಿದರೂ ಮೊದಲು ಕೊರಳಿನ ಚೀಲ ಹಿಡಿದು, ಇದು ಯಾರಿಗೆ ಬೇಕಾಗಿದೆ ಎಂದು ಯೋಚಿಸುವವಳ ಹಾಗೆ ನಿಲ್ಲುತ್ತಿದ್ದಳು.

ನನಗೆ ಬೇರೆ ಸಂಕಟ. ಅವ್ವ ಆ ಚೀಲದಲ್ಲಿ ಇದ್ದಾಳೆ ಎಂದು ಎಲ್ಲರೂ ಹೇಳುತ್ತಿದ್ದರು. ಹಾಗಿದ್ದರೆ ಅವಳು ಪರರ ಕೊರಳಲ್ಲಿ ಯಾಕೆ ಇರಬೇಕು? ಮದುವೆಯಾದ ಮೂರನೆಯ ವಾರಕ್ಕೆ ಹಿರಿಯರ ಅಮಾವಾಸ್ಯೆ ಬಂತು. ಅಜ್ಜಿ ಹೊಲಿಗೆ ಬಿಚ್ಚಿ, ಬಿಲ್ಲೆ ತೊಳೆದು, ಮಡಿ ಸೀರೆಯ ಮೇಲಿಟ್ಟು, "ನೋಡ್ಕೊಂತ ಕೂಡು, ಸುಗುಣಿ" ಎಂದು ಹೇಳಿ ಕಾಗೆಗೆ ಅನ್ನ ಇಡಲು ಹಿತ್ತಲಿಗೆ ಹೋದಳು. ಮುಂದೆ ಕೆಂಪು ಚೀಲ ಬಾಯಿ ತೆರೆದು ಬಿದ್ದಿತ್ತು. ಒಲೆಯ ಹತ್ತಿರ ಹುಣಸೆ ಬೀಜಗಳಿದ್ದವು. ಒಂದು ಬೀಜವನ್ನು ಚೀಲದೊಳಗೆ ಹಾಕಿದೆ. ಬಿಲ್ಲೆಯನ್ನು ಬಾಯಲ್ಲಿಟ್ಟುಕೊಂಡೆ. ಅಜ್ಜಿ ಬಂದು ಚೀಲ ಮುಟ್ಟಿ ನೋಡಿ, "ನೀನ ಒಳಗಿಟ್ಟೇನು? ಜಾಣಿ" ಎಂದು ತಡಕಾಡುತ್ತ ಹೊಲಿದಳು. ಅಪ್ಪ ಅದನ್ನು ಪೋಚಮ್ಮನ ಕೊರಳಿಗೆ ಕಟ್ಟಿದ.

ಮಧ್ಯಾಹ್ನ ನಾನು ಅವ್ವನ ಮಗ್ಗದ ಗುಂಡಿಗೆ ಇಳಿದು, ಗೋಡೆಯ ಬಿರುಕಿನಲ್ಲಿ ಬಿಲ್ಲೆ ಇಟ್ಟು ಹಸಿಮಣ್ಣು ಮೆತ್ತಿದೆ. ಅವಳ ಕಾಲುಗಳು ಆಡಿದ ಜಾಗ ಅದು. ಅಲ್ಲಿಯೇ ಇರಲಿ ಎಂದುಕೊಂಡೆ.

ಮುಂದೆ ಎಷ್ಟೋ ಮಧ್ಯಾಹ್ನ, ಮಗ್ಗಗಳೆಲ್ಲ ನಿಂತು ಓಣಿ ಮಲಗಿದಾಗ, ಆ ಮಣ್ಣಿಗೆ ಕಿವಿ ಹಚ್ಚಿ ಕೂರುತ್ತಿದ್ದೆ. ಏನೂ ಕೇಳಿಸುತ್ತಿರಲಿಲ್ಲ. ಹಾಗಿದ್ದರೂ ಮಗ್ಗಕ್ಕೆ ಕುಳಿತ ಯಾರೋ ಬೆನ್ನಿಗೆ ಮೊಣಕಾಲು ಊರಿದಂತಾಗಿ ಎದ್ದು ಓಡುತ್ತಿದ್ದೆ.

ಸಂಕ್ರಾಂತಿಯ ನಂತರ ಎಂಕಪ್ಪ ಮತ್ತೆ ಬಂದ. ಪೋಚಮ್ಮ ನೇಯುತ್ತಿದ್ದಳು, ಪಕ್ಕದಲ್ಲಿ ನೂಲಿಗೆ ಹಚ್ಚುವ ಗಂಜಿ ಆರುತ್ತಿತ್ತು. ಎಲೆಅಡಿಕೆಯ ಸುಣ್ಣ ಮೆತ್ತಿದ್ದ ಬೆರಳಿನಿಂದಲೇ ಅವನು ಮಗ್ಗದ ಮೇಲಿನ ಬಟ್ಟೆ ಜಗ್ಗಿ ನೋಡಿದ.

"ಏನ್ ಕಾಲಪಾ ಇದು, ಶಂಕರಯ್ಯಾ! ಸತ್ತಾಕಿ ಜೀವ ಇಟ್ಟು ನೇಯ್ತಿದ್ಲು, ಜೀವ ಇದ್ದಾಕಿ ಸತ್ತಂಗ ನೇಯ್ತಾಳ."

ಅಪ್ಪ ಹಲ್ಲು ಕಿರಿದ. ಪೋಚಮ್ಮ ಲಾಳಿಯನ್ನು ಮೆಲ್ಲಗೆ ಕೆಳಗಿಟ್ಟಳು. ಗುಂಡಿಯಿಂದ ಮೇಲೆದ್ದಳು. ಗಂಜಿಯ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಚೆಲ್ಲದ ಹಾಗೆ ಜೋಪಾನವಾಗಿ ನಡೆದು ಬಂದು, ಎಂಕಪ್ಪನ ತಲೆಯ ರುಮಾಲಿನ ಮೇಲೆ ಪೂರ್ತಿ ಸುರಿದಳು.

"ಸುಣ್ಣದ ಕೈ ಬಟ್ಟಿಗೆ ಹಚ್ಚಬ್ಯಾಡ್ರಿ" ಎಂದಳು. ಅಷ್ಟೇ.

ಅಜ್ಜಿ ಓಡಿ ಬಂದು ಅವಳ ಕಾಲಿಗೆ ಬಿದ್ದಳು. "ಯವ್ವಾ ಮಲ್ಲವ್ವಾ, ತಣ್ಣಗಾಗವ್ವಾ! ನಾನು ಮುದುಕಿ, ನನ್ನ ನೋಡಿ ತಣ್ಣಗಾಗು!" ಎಂಕಪ್ಪನ ಮೂಗಿನಿಂದ ಗಂಜಿ ತೊಟ್ಟಿಕ್ಕುತ್ತಿತ್ತು. ಬೈಯಲು ಬಾಯಿ ತೆರೆದವನು ಮಲ್ಲವ್ವನ ಹೆಸರು ಕೇಳಿ ಬಾಯಿ ಮುಚ್ಚಿದ. ಚಪ್ಪಲಿ ಬಿಟ್ಟೇ ಹೋದ. ಪೋಚಮ್ಮ ಖಾಲಿ ಗಡಿಗೆ ಹಿಡಿದು ತನ್ನ ಕೈಗಳನ್ನೇ ನೋಡುತ್ತ ನಿಂತಿದ್ದಳು.

ನಾನು ಗುಂಡಿಗೆ ಇಳಿದು ಮಣ್ಣು ಕೆರೆದು ನೋಡಿದೆ. ಬಿಲ್ಲೆ ಅಲ್ಲಿಯೇ ಇತ್ತು. ಅವ್ವ ಹೊರಗೆ ಬಂದು, ಗಂಜಿ ಸುರಿದು, ಮತ್ತೆ ಒಳಗೆ ಹೋಗಿ ಮಲಗಿದಳೆಂದು ನಾನು ತಿಳಿದೆ. ಎಂಟು ವರ್ಷದ ತಲೆಗೆ ಬೇರೆ ಏನು ತೋಚೀತು?

ಆ ದಿನದಿಂದ ಮನೆ ಬದಲಾಯಿತು. ಅಪ್ಪ ಮಧ್ಯಾಹ್ನವೇ ಶೇಂದಿ ಅಂಗಡಿಗೆ ಹೊರಡುತ್ತಿದ್ದವನು. ಒಂದು ದಿನ ಪೋಚಮ್ಮ ಹೊಸ್ತಿಲಲ್ಲಿ ನಿಂತು "ಹೋಗಬ್ಯಾಡ್ರಿ" ಎಂದಳು. ಅವನು ಅವಳ ಕೊರಳಿನ ಚೀಲ ನೋಡಿ ಹಿಂದಕ್ಕೆ ಬಂದು ಮಗ್ಗಕ್ಕೆ ಕುಳಿತ. ಅಲ್ಲಿಂದ ಎಷ್ಟೋ ತಿಂಗಳು ಶೇಂದಿ ಮುಟ್ಟಲಿಲ್ಲ, ಕೈಯನ್ನೂ ಎತ್ತಲಿಲ್ಲ. ಅವ್ವನ ಕಾಲದಲ್ಲಿ ಎತ್ತುತ್ತಿದ್ದ, ನಾನು ಕಂಡಿದ್ದೆ. ಬದುಕಿದ್ದ ಮಲ್ಲೇಶ್ವರಿಗೆ ಹೆದರದವನು ಸತ್ತ ಮಲ್ಲೇಶ್ವರಿಗೆ ಹೆದರಿದ.

ಆದರೆ ನಾನು ನೋಡುತ್ತ ನೋಡುತ್ತ ಒಂದು ವಿಷಯ ಕಂಡುಕೊಂಡೆ. ಪೋಚಮ್ಮನ ಸಿಟ್ಟು ಅವ್ವನ ಸಿಟ್ಟಿನಂತಿರಲಿಲ್ಲ. ಅವ್ವನ ಸಿಟ್ಟು ಹಾಲು ಉಕ್ಕಿದ ಹಾಗೆ. ಬುಸ್ಸನೆ ಮೇಲೆ ಬಂದು, ಒಲೆ ಹೊಲಸು ಮಾಡಿ, ಇಳಿದುಹೋಗುತ್ತಿತ್ತು. ಹೊಡೆದ ಕೈಯಿಂದಲೇ ಬೆಲ್ಲ ಕೊಡುತ್ತಿದ್ದಳು. ಪೋಚಮ್ಮನದು ಗಂಜಿಯ ಹಾಗೆ, ಮೇಲೆ ಕೆನೆ ಕಟ್ಟಿ ತಣ್ಣಗೆ ಕಾಣುತ್ತದೆ, ಒಳಗೆ ಬೆರಳಿಟ್ಟರೆ ಸುಡುತ್ತದೆ. ಅವಳ ತುಟಿ ಬೆಳ್ಳಗಾಗುತ್ತಿತ್ತು. ಮೂರು ದಿನ ಮಾತಿರುತ್ತಿರಲಿಲ್ಲ. ಬೆಲ್ಲ ಕೊಡುತ್ತಿರಲಿಲ್ಲ. ಇದನ್ನು ಅಜ್ಜಿ ಕಾಣಲಿಲ್ಲ, ಅಪ್ಪ ಕಾಣಲಿಲ್ಲ. ಸತ್ತವಳ ಸಿಟ್ಟು ಹೇಗಿತ್ತೆಂದು ಅವರಿಗೆ ಆಗಲೇ ಮರೆತಿತ್ತೇನೋ.

ಶ್ರಾವಣದಲ್ಲಿ ಪೋಚಮ್ಮ ಅಜ್ಜಿಗೆ ಎದುರು ಮಾತಾಡಿದಳು. ಸುಗುಣಿಗೆ ಹಳಸಿದ್ದು ಹಾಕಬೇಡಿ ಎಂದಳು, ನನ್ನ ಊಟದ ಗಂಗಾಳ ಕಸಿದುಕೊಂಡಳು. ಅಜ್ಜಿಗೆ ದಿಗಿಲಾಯಿತು. ಮಲ್ಲವ್ವ ಬೆಳೆಯುತ್ತಿದ್ದಾಳೆ, ಇನ್ನು ಬಿಟ್ಟರೆ ಮನೆಯನ್ನೇ ನುಂಗುತ್ತಾಳೆ ಎಂದು ಕೃಷ್ಣಾ ದಂಡೆಯ ಪೆದ್ದಪ್ಪನಿಗೆ ಹೇಳಿಕಳುಹಿಸಿದಳು. ಮೈಮೇಲೆ ಬಂದ ಸತ್ತವರನ್ನು ಅವನು ಬರೆ ಹಾಕಿ ತಣ್ಣಗೆ ಮಾಡುತ್ತಿದ್ದ. ಕುಡಗೋಲನ್ನು ಕೆಂಪಗೆ ಕಾಯಿಸಿ ಕತ್ತಿನ ಹಿಂದೆ ಎಳೆಯುತ್ತಿದ್ದ. ಹಿರಿಯರ ಅಮಾವಾಸ್ಯೆಗೆ ಬಿಲ್ಲೆ ತೊಳೆದು ಮತ್ತೆ ಹೊಲಿಯುವ ಮೊದಲು ಬರೆ ಹಾಕುವುದೆಂದು ನಿಶ್ಚಯವಾಯಿತು.

ಪೋಚಮ್ಮ ಬೇಡವೆನ್ನಲಿಲ್ಲ. "ಹಾಕ್ಸ್ರಿ. ನನಗೂ ಸಾಕಾಗೈತಿ" ಎಂದಳು.

ಅಮಾವಾಸ್ಯೆಯ ಹಿಂದಿನ ದಿನ ಮಟಮಟ ಮಧ್ಯಾಹ್ನ. ಅಜ್ಜಿ ಮಲಗಿದ್ದಳು, ಅಪ್ಪ ನೂಲು ತರಲು ಹೋಗಿದ್ದ. ಪೋಚಮ್ಮ ನೇಯುತ್ತಿದ್ದ ಮಗ್ಗದ ಹತ್ತಿರ ನಾನು ಹೋಗಿ ನಿಂತೆ. ಹೇಳಿದರೆ ಅವ್ವ ಹೋಗಿಬಿಡುತ್ತಾಳೆ. ಮನೆಯಲ್ಲಿ ಎಲ್ಲರೂ ಅವಳ ಹೆಸರು ಹೇಳುತ್ತಿದ್ದದ್ದು, ಹೆದರುತ್ತಿದ್ದದ್ದು, ಅವಳಿಗೆ ಮೊದಲ ತುತ್ತು ಇಡುತ್ತಿದ್ದದ್ದು ನಿಂತುಹೋಗುತ್ತದೆ. ಹೇಳದಿದ್ದರೆ ಆ ಬೆಳ್ಳನೆಯ ಕತ್ತು ನಾಳೆ ಸುಡುತ್ತದೆ. ನಾನು ಅವಳ ಕತ್ತು ನೋಡುತ್ತ ನಿಂತೆ. ಅಲ್ಲಿ ಬೆವರು ಇಳಿಯುತ್ತಿತ್ತು.

"ಸಣ್ಣವ್ವಾ, ನಿನ್ನ ಕೊಳ್ಳಾಗ ನಮ್ಮವ್ವ ಇಲ್ಲ."

ಲಾಳಿ ನಿಂತಿತು. "ಏನಂದಿ?"

"ಚೀಲದಾಗ ಹುಣಸಿ ಬೀಜ ಐತಿ. ಅವ್ವ ಇಲ್ಲೇ ಅದಾಳ. ನಿನ್ನ ಕಾಲ ಹತ್ರ, ಗ್ವಾಡ್ಯಾಗ. ನಾನ ಇಟ್ಟೀನಿ."

"ಯಾವಾಗ?"

"ಹ್ವಾದ ಅಮಾಸಿಗೆ."

ಅವಳು ಕೊರಳಿನ ಚೀಲವನ್ನು ಹಿಸುಕಿ ನೋಡಿದಳು. ಆಮೇಲೆ ಕೇಳಿದಳು: "ಹಂಗಾರ ಎಂಕಪ್ಪಗ ಗಂಜಿ ಸುರುವಿದಾಕಿ ಯಾರು?"

"ನೀನ."

"ನಿಮ್ಮಪ್ಪಗ ಶೇಂದಿ ಬಿಡಿಸಿದಾಕಿ?"

"ನೀನ."

"ಗಂಗಾಳ ಕಸಗೊಂಡಾಕಿ?"

"ಅದೂ ನೀನ, ಸಣ್ಣವ್ವ."

ಅವಳು ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಎರವಲು ಎಂದು ಜೋಪಾನ ಮಾಡಿದ ಪಾತ್ರೆ ತನ್ನದೇ ಎಂದು ತಿಳಿದವಳ ಹಾಗೆ. "ಅವ್ವಯ್ಯ, ಇಷ್ಟು ದಿನ ನನಗ ನಾನ ಅಂಜಿದ್ನಲ್ಲ" ಎಂದಳು.

"ಅಜ್ಜಿಗೆ ಹೇಳ್ಲೇನು? ಹೇಳಿದ್ರ ಬರಿ ಹಾಕಂಗಿಲ್ಲ."

"ಹುಚ್ಚಿ" ಎಂದಳು ಪೋಚಮ್ಮ. "ಮಲ್ಲಕ್ಕನ ಸಿಟ್ಟು ಅಂದ್ರ ಒಂದು ಬರಿ. ಆಮ್ಯಾಲ ಜಲ್ಮಪೂರ್ತಿ ಕೈ ಮುಗೀತಾರ. ಪೋಚಿ ಸಿಟ್ಟು ಅಂದ್ರ ದಿನಾ ಹೊಡೆತ ಬೀಳತಾವ. ತಿಳೀತೇನು?"

"ಹಂಗಾರ ಹೇಳಾದು ಬ್ಯಾಡ?"

ಅವಳು ಲಾಳಿ ಎತ್ತಿಕೊಂಡಳು. ಅದೇ ಒಂದು ಪೆಟ್ಟು. ಆದರೆ ಆ ಮಧ್ಯಾಹ್ನ ಅದು ಓಣಿಯ ಕೊನೆಯವರೆಗೆ ಕೇಳುವಂತಿತ್ತು.

ಮರುದಿನ ಪೆದ್ದಪ್ಪ ಬಂದು ಅಂಗಳದಲ್ಲಿ ಕೆಂಡ ಮಾಡಿದ. ಕುಡಗೋಲನ್ನು ಕೆಂಡದಲ್ಲಿಟ್ಟು, ಬೀಡಿ ಹಚ್ಚಿದ. ಸಂಗಮ್ಮ ಮೊದಲಾದವರು ಗೋಡೆಗೆ ಅಂಟಿ ನಿಂತಿದ್ದರು. ಅಜ್ಜಿ ಹಾಲಿನ ಬಟ್ಟಲು ಇಟ್ಟುಕೊಂಡು ಚೀಲದ ಹೊಲಿಗೆ ಬಿಚ್ಚಲು ಕೈ ಚಾಚಿದಳು. ಪೋಚಮ್ಮ ಹಿಂದೆ ಸರಿದು, ಚೀಲವನ್ನು ಬಾಯಿಗಿಟ್ಟು, ಹೊಲಿಗೆಯನ್ನು ತಾನೇ ಹಲ್ಲಿನಿಂದ ಹರಿದಳು. ಬೀಜ ಬಟ್ಟಲಿನ ಅಂಚಿಗೆ ತಾಗಿ ಟಕ್ಕೆಂದು ಹಾಲಿಗೆ ಬಿತ್ತು.

ಅಜ್ಜಿ ಬೆರಳಿನಿಂದ ಅದನ್ನು ತಡಕಿದಳು. "ಇದೇನಿದು? ಎಲ್ಲೇ ನನ್ನ ಸೊಸಿ?"

"ಮಗ್ಗದ ಗುಂಡ್ಯಾಗ ಅದಾಳ್ರಿ, ಅತ್ತಿ. ಹ್ವಾದ ವರ್ಷನ ನಾನು ತೆಗೆದಿಟ್ಟೀನಿ."

ನನ್ನ ಕಳ್ಳತನವನ್ನು ಅವಳು ತನ್ನ ತಲೆಗೆ ಕಟ್ಟಿಕೊಂಡಳು. ನಾನು ಬಾಯಿ ಬಿಡಲಿಲ್ಲ.

ಪೆದ್ದಪ್ಪ ಬೀಡಿ ಕೆಳಗಿಟ್ಟ. "ಹಂಗಾರ ವರ್ಷ ದಿನ ನಿನ್ನ ಮ್ಯಾಲ ಬಂದಿದ್ದು ಯಾರವ್ವಾ?"

"ಯಾರೂ ಬಂದಿಲ್ರಿ. ಸಿಟ್ಟು ನಂದು."

ಪೆದ್ದಪ್ಪ ಕುಡಗೋಲು ಎತ್ತಿ ನೀರಿನ ಕೊಡದಲ್ಲಿ ಅದ್ದಿದ. ಚುಂಯ್ ಎಂದಿತು. "ತಿರುಪತಮ್ಮಾ, ನನ್ನ ಕೆಲಸ ಸತ್ತವರ ಕೂಡ. ಬದುಕಿದವರ ಸಿಟ್ಟಿಗೆ ನನ್ನತ್ರ ಕುಡಗೋಲಿಲ್ಲ. ಇದ್ದಿದ್ರ ಮೊದಲು ನನ್ನ ಮನ್ಯಾಗ ಹಾಕ್ತಿದ್ದೆ" ಎಂದು ಚೀಲ ಹೆಗಲಿಗೇರಿಸಿದ.

ಆ ಸಂಜೆ ಅಪ್ಪ ಶೇಂದಿ ಕುಡಿದು ಬಂದ. ಎಷ್ಟೋ ತಿಂಗಳು ಎತ್ತದ ಕೈ ಎತ್ತಿದ. ಪೋಚಮ್ಮ ಅಳಲಿಲ್ಲ. ಮೂರು ದಿನ ಅವಳ ತುಟಿ ಬೆಳ್ಳಗಿತ್ತು. ನಾಲ್ಕನೆಯ ದಿನ ಹಸಿ ಹುಣಸೆಕಾಯಿ ಕಚ್ಚುತ್ತ ಮಗ್ಗಕ್ಕೆ ಕುಳಿತಳು.

ನಾನು ಅವಳನ್ನು ಉಳಿಸಿದೆನೋ, ಹಿಡಿದುಕೊಟ್ಟೆನೋ? ಇಷ್ಟು ವಯಸ್ಸಾದರೂ ತೀರ್ಮಾನವಾಗಿಲ್ಲ. ಅವ್ವನಂತೂ ಆ ದಿನ ಎರಡನೆಯ ಸಲ ಸತ್ತಳು. ಮನೆಯಲ್ಲಿ ಅವಳ ಹೆಸರು ಹೇಳುವವರು ಇಲ್ಲವಾದರು. ಗುಂಡಿಯ ಗೋಡೆಗೆ ಕಿವಿ ಹಚ್ಚಿದರೆ ಬೆನ್ನಿಗೆ ಯಾರೂ ಮೊಣಕಾಲು ಊರುತ್ತಿರಲಿಲ್ಲ.

ಪೋಚಮ್ಮ ಬಿಲ್ಲೆಯನ್ನು ಚೀಲಕ್ಕೆ ಹಾಕಲಿಲ್ಲ, ಬರೀ ದಾರಕ್ಕೆ ಪೋಣಿಸಿ ಎಲ್ಲರಿಗೂ ಕಾಣುವ ಹಾಗೆ ಹಾಕಿಕೊಂಡಳು. "ಇರಲಿ, ಅಕ್ಕ ಇದ್ದಂಗ ಇರ್ತಾಳ" ಎಂದಳು. ಹೋಳಿಗೆ ಮಾಡಿದ ದಿನ ಮೊದಲ ತುತ್ತು ತೋರಿಸುವುದನ್ನು ಮಾತ್ರ ಅವಳು ಯಾವತ್ತೂ ತಪ್ಪಿಸಲಿಲ್ಲ. ನಿಜಾಮನ ರಾಜ್ಯ ಹೋಯಿತು, ಅಜ್ಜಿ ಹೋದಳು, ಅಪ್ಪ ಹೋದ. ಅವಳು ಮೂವತ್ತಾರು ವರ್ಷ ಆ ಮಗ್ಗದಲ್ಲಿ ನೇಯ್ದಳು. ಓಣಿಯವರಿಗೆ ಅವಳು ಸಿಟ್ಟಿನ ಪೋಚಮ್ಮ. ಅವಳ ಬಾಗಿಲಿಗೆ ಬಂದ ಗುಮಾಸ್ತರು ಕೈ ತೊಳೆದು ಬಟ್ಟೆ ಮುಟ್ಟುತ್ತಿದ್ದರು. ನನ್ನ ಮದುವೆಯ ದಿನ ಅವಳು ಒಮ್ಮೆ ನಕ್ಕಳು. ಅದು ಅವ್ವನ ನಗೆಯ ಹಾಗೆ ಇರಲೇ ಇಲ್ಲ. ಸಂಗಮ್ಮನ ಕಿವಿಗೆ ಆಗ ಏನು ಕೇಳಿಸಿತ್ತೋ!

ಅವಳು ಹೋದಮೇಲೆ ಬಿಲ್ಲೆ ನನಗೆ ಬಂತು. ನನ್ನ ಗಂಡ ತೀರಿಹೋದ ವರ್ಷ ಅದನ್ನು ಅಕ್ಕಸಾಲಿಗನಿಗೆ ತೋರಿಸಿದೆ. ಗೊಂಬೆಯ ಮುಖ ಸವೆದಿತ್ತು. ಅವ್ವನ ಮುಖ ಹಾಗೆಯೇ ಮೂಡಿಸಿಕೊಡು ಎಂದೆ. ಅವನು ನಕ್ಕು ಒಂದು ಹಳೆಯ ಅಚ್ಚು ತೆಗೆದು ತೋರಿಸಿದ. "ಅಜ್ಜೀ, ನಮ್ಮ ತಾತನ ಕಾಲದಿಂದ ಅಚ್ಚು ಇದೊಂದ. ಸತ್ತ ಹೆಂಡ್ರು ಎಲ್ಲಾರಿಗೂ ಇದ ಮುಖ." ನಾನು ಬಿಲ್ಲೆ ತೆಗೆದುಕೊಂಡು ಸುಮ್ಮನೆ ಬಂದೆ.

ಪೆಟ್ಟಿಗೆಯ ತಳದ ಆ ಆರನೆಯ ಸೀರೆ ಈಗ ನನ್ನ ಹತ್ತಿರ ಇದೆ. ಕಣ್ಣು ಮುಚ್ಚಿ ಬೆರಳಾಡಿಸುತ್ತೇನೆ. ಮೊದಲು ಅವ್ವ. ಒತ್ತಾಗಿ, ಬಿಗಿಯಾಗಿ. ಆಮೇಲೆ ಪೋಚಮ್ಮ. ನುಣ್ಣಗೆ, ಒಂದೇ ಸಮ. ನಡುವೆ, ಕುಂಕುಮದ ಕಲೆಯ ಮುಂದೆ, ಹೆಬ್ಬೆರಳಿನಗಲದ ಜಾಗ. ಅಲ್ಲಿ ಎರಡು ಪೆಟ್ಟೂ ಇಲ್ಲ, ಒಂದು ಪೆಟ್ಟೂ ಇಲ್ಲ. ನೂಲು ಜೊಳ್ಳಾಗಿ, ಕೈಯಲ್ಲಿ ಬಲವಿಲ್ಲದವರು ಎಳೆ ಎಳೆಯಾಗಿ ಕೂಡಿಸಿದ ಹಾಗಿದೆ.

ಪೋಚಮ್ಮ ಹಾಸಿಗೆ ಹಿಡಿದಾಗ ಒಂದು ದಿನ ಆ ಸೀರೆ ಅವಳ ಕೈಗಿಟ್ಟು ಕೇಳಿದ್ದೆ.

"ಸಣ್ಣವ್ವಾ, ಈಗರೆ ಹೇಳು. ಅಜ್ಜಿ ಬೀಗದ ಕೈ ಕದ್ದು ಇಷ್ಟು ನೀನ ನೇಯ್ದೇನು? ಅಜ್ಜಿಗೆ ಅಂಜಿಸಾಕ?"

ಅವಳು ಆ ಜಾಗದ ಮೇಲೆ ಬೆರಳಾಡಿಸಿದಳು.

"ಇಲ್ಲ, ಸುಗುಣಿ. ನಂದಾದ್ದನ್ನ ನಂದು ಅಂತ ಹೇಳೀನಿ. ಹೇಳಿ ಹೊಡೆತ ತಿಂದೀನಿ. ಇದು ನಂದಲ್ಲ."